ಐದನೇ ಸಾಲಿನ ಮಕ್ಕಳು: ರಷ್ಯನ್ ಮಾತಾಡುವ ಯಹೂದಿಗಳ ‘ಲಿಮ್ಮುಡ್’ – ಒಂದು ಪ್ರಕರಣ ಅಧ್ಯಯನ

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಊರು ಸೋವಿಯತ್ ಉಕ್ರೇನಿನ ಖಾರ್ಕಿವ್. ವರ್ಷ 1975. ಮನೆಯಲ್ಲಿ ಅಜ್ಜಿಗೆ ಯಿಡ್ಡಿಷ್, ಅಂದರೆ ಆ ಕಡೆಯ ಯಹೂದಿಗಳ ಹಳೆಯ ಮನೆಮಾತು, ಬರುತ್ತದೆ. ಆದರೆ ಮಕ್ಕಳಿಗೆ ತಿಳಿಯಬಾರದ ವಿಷಯ ಇದ್ದಾಗ ಮಾತ್ರ ಆ ಭಾಷೆ ಅಜ್ಜಿಯ ಬಾಯಿಗೆ ಬರುತ್ತದೆ. ಅಪ್ಪ ಎಂಜಿನಿಯರ್. ಹೀಬ್ರೂ ಅಕ್ಷರ ಒಂದೂ ಗೊತ್ತಿಲ್ಲ. ಹುಡುಗನಿಗೆ ಹದಿನಾರು ತುಂಬುತ್ತದೆ, ಕೈಗೆ ಪಾಸ್‌ಪೋರ್ಟ್ ಬರುತ್ತದೆ. ವಿದೇಶಕ್ಕೆ ಹೋಗುವುದಕ್ಕೆ ಬೇಕಾದ ಪಾಸ್‌ಪೋರ್ಟ್ ಇದಲ್ಲ. ದೇಶದೊಳಗೇ ಗುರುತಿಗೆ ಅಂತ ಇಟ್ಟುಕೊಳ್ಳಬೇಕಿದ್ದ ಪುಸ್ತಕ. ಅದರಲ್ಲಿ ‘ರಾಷ್ಟ್ರೀಯತೆ’ ಅಂತ ಒಂದು ಕಲಂ. ಅದರ ಮುಂದೆ ‘ಯೆವ್ರೇಯ್’ ಅಂತ ಬರೆದಿದೆ. ಅಂದರೆ ಯಹೂದಿ.

ಸರ್ಕಾರಿ ನಮೂನೆಗಳಲ್ಲಿ ಈ ವಿವರ ಐದನೆಯದಾಗಿ ಬರುತ್ತಿತ್ತು. ಅದಕ್ಕೇ ಜನ ಇದನ್ನು ‘ಐದನೇ ಸಾಲು’ ಅಂತ ಕರೆದರು. ಹೆಸರಾದ ಗಣಿತ ವಿಭಾಗದಲ್ಲಿ ಸೀಟು ಬೇಕೆಂದರೆ, ರಕ್ಷಣೆಗೆ ಸಂಬಂಧಪಟ್ಟ ಕಚೇರಿಯಲ್ಲಿ ಕೆಲಸ ಬೇಕೆಂದರೆ, ಐದನೇ ಸಾಲು ಅಡ್ಡ ನಿಲ್ಲುತ್ತಿತ್ತು. ಹುಡುಗ ಯಹೂದಿ ಅಂತ ಕಾಗದ ಹೇಳುತ್ತದೆ. ಯಹೂದಿ ಅಂದರೇನು ಅಂತ ಅವನಿಗೆ ಯಾರೂ ಹೇಳಿಲ್ಲ.

ಈ ಮನೆ ನನ್ನ ಕಲ್ಪನೆ. ಆದರೆ ಇದರೊಳಗಿನ ಒಂದೊಂದು ಸಂಗತಿಯೂ ಆ ಕಾಲದ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ನಡೆದದ್ದೇ. ಇಂಥ ಮನೆಯಿಂದ ಬಂದ ಜನ ದೊಡ್ಡವರಾದ ಮೇಲೆ ತಮ್ಮದನ್ನು ಮತ್ತೆ ಕಲಿಯಲು ಹೊರಟರೆ ಎಲ್ಲಿಂದ ಶುರು ಮಾಡಬೇಕು? ಹೇಗೆ ಕಲಿಸಬೇಕು? ಯಾವ ಭಾಷೆಯಲ್ಲಿ? ನನ್ನನ್ನು ಬಹಳ ದಿನದಿಂದ ಹಿಡಿದಿಟ್ಟುಕೊಂಡಿರುವ ಪ್ರಶ್ನೆ ಇದು. ಅದಕ್ಕೆ ಸಿಕ್ಕ ಉತ್ತರಗಳಲ್ಲಿ ಒಂದನ್ನು, ‘ಲಿಮ್ಮುಡ್’ ಎಂಬ ಕಲಿಕೆಯ ಕೂಟವನ್ನು, ಇಲ್ಲಿ ಹತ್ತಿರದಿಂದ ನೋಡೋಣ.

ಕಡಿದುಹೋದದ್ದು ಹೇಗೆ

ಮೊದಲು ಹೋದದ್ದು ಹೀಬ್ರೂ. ಕ್ರಾಂತಿ ಆದ ಕೆಲವೇ ವರ್ಷಗಳಲ್ಲಿ ಅದು ಪೂಜಾರಿಗಳ, ಝಿಯೋನಿಸ್ಟರ (ಯಹೂದಿಗಳಿಗೆ ತಮ್ಮದೇ ನಾಡು ಬೇಕು ಅನ್ನುವವರ) ಭಾಷೆ ಅನ್ನಿಸಿಕೊಂಡು ಪಾಠಪಟ್ಟಿಯಿಂದ ಹೊರಬಿತ್ತು. ಯಿಡ್ಡಿಷ್‌ಗೆ ಆರಂಭದಲ್ಲಿ ಸರ್ಕಾರದ ಬೆಂಬಲವೇ ಇತ್ತು. ಶಾಲೆ, ಪತ್ರಿಕೆ, ನಾಟಕ ಕಂಪನಿ ಎಲ್ಲ ಇದ್ದವು. 1930ರ ದಶಕ ಮುಗಿಯುವ ಹೊತ್ತಿಗೆ ಆ ಶಾಲೆಗಳಲ್ಲಿ ಬಹುಪಾಲು ಮುಚ್ಚಿದವು. ಆಮೇಲೆ ಯುದ್ಧ ಬಂತು. ಖಾರ್ಕಿವ್ ಊರಾಚೆಯ ದ್ರೊಬಿಟ್ಸ್ಕಿ ಯಾರ್ ಎಂಬ ಕಮರಿಯಲ್ಲಿ 1941ರ ಡಿಸೆಂಬರ್ ಮತ್ತು 1942ರ ಜನವರಿಯಲ್ಲಿ ನಾಜಿಗಳು ಸಾವಿರ ಸಾವಿರ ಯಹೂದಿಗಳನ್ನು ಕೊಂದರು. ಕೀವ್‌ನ ಬಾಬಿ ಯಾರ್‌ನಲ್ಲಿ 1941ರ ಸೆಪ್ಟೆಂಬರ್ 29 ಮತ್ತು 30, ಎರಡೇ ದಿನದಲ್ಲಿ 33,771 ಜನ ಸತ್ತರು. 1976ರಲ್ಲಿ ಅಲ್ಲಿ ಸೋವಿಯತ್ ಸ್ಮಾರಕ ಎದ್ದಾಗ ಅದರ ಮೇಲೆ ‘ಯಹೂದಿ’ ಎಂಬ ಪದ ಇರಲಿಲ್ಲ. ಸತ್ತವರೆಲ್ಲ ‘ಸೋವಿಯತ್ ಪ್ರಜೆಗಳು’. ಬದುಕಿರುವವನ ಪಾಸ್‌ಪೋರ್ಟಿನಲ್ಲಿ ತಪ್ಪದೆ ಬರೆಯುವ ಪದವನ್ನು ಸತ್ತವರ ಕಲ್ಲಿನ ಮೇಲೆ ಬರೆಯಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಯುದ್ಧ ಮುಗಿದ ಮೇಲೂ ಬಿಡಲಿಲ್ಲ. ಮಾಸ್ಕೋದ ಯಹೂದಿ ರಂಗಭೂಮಿಯ ಮುಖ್ಯಸ್ಥ ಸೊಲೊಮನ್ ಮಿಖೊಯೆಲ್ಸ್ ಅವರನ್ನು 1948ರ ಜನವರಿಯಲ್ಲಿ ಮಿನ್ಸ್ಕ್‌ನಲ್ಲಿ ಕೊಂದು ಅಪಘಾತ ಅಂತ ಹೇಳಿದರು. ಮರುವರ್ಷ ಆ ರಂಗಭೂಮಿಗೂ ಬೀಗ ಬಿತ್ತು. 1952ರ ಆಗಸ್ಟ್ 12ರ ರಾತ್ರಿ ಹದಿಮೂರು ಜನ ಯಹೂದಿಗಳಿಗೆ ಗುಂಡು ಹಾಕಿದರು. ಅವರಲ್ಲಿ ಐವರು ಯಿಡ್ಡಿಷ್ ಸಾಹಿತಿಗಳು. ಖಾರ್ಕಿವ್‌ನ ದೊಡ್ಡ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, 1923ರಲ್ಲೇ ಮುಚ್ಚಿತ್ತು. ಅದು ಕೆಲಸಗಾರರ ಕ್ಲಬ್ಬಾಯಿತು, ಕೊನೆಗೆ ಆಟದ ಸಂಘದ ಕೈಸೇರಿತು. ನಮ್ಮ ಹುಡುಗನಿಗೆ ಆ ಕಟ್ಟಡ ಗೊತ್ತಿದ್ದರೆ ವ್ಯಾಯಾಮ ಮಾಡುವ ಜಾಗವಾಗಿ ಗೊತ್ತಿದ್ದೀತು, ಅಷ್ಟೆ.

ಹಾಗಂತ ಕಲಿಕೆ ಪೂರ್ತಿ ನಿಂತಿರಲಿಲ್ಲ. 1970ರ ದಶಕದಲ್ಲಿ ಮಾಸ್ಕೋ, ಲೆನಿನ್‌ಗ್ರಾಡ್‌ಗಳ ಸಣ್ಣ ಸಣ್ಣ ಫ್ಲಾಟುಗಳಲ್ಲಿ ಗುಟ್ಟಾಗಿ ಹೀಬ್ರೂ ಪಾಠ ನಡೆಯುತ್ತಿತ್ತು. ಯೋಸಿಫ್ ಬೆಗುನ್ ಎಂಬ ಗಣಿತಜ್ಞ ‘ನಾನು ಹೀಬ್ರೂ ಮೇಷ್ಟ್ರು, ನನ್ನ ಹೆಸರು ನೋಂದಾಯಿಸಿ, ತೆರಿಗೆ ಕಟ್ಟುತ್ತೇನೆ’ ಅಂತ ಸರ್ಕಾರವನ್ನೇ ಕೇಳಿದರು. ಸರ್ಕಾರ ಒಪ್ಪಲಿಲ್ಲ. ಕೆಲಸವಿಲ್ಲದೆ ಕೂತು ತಿನ್ನುವವನು ಅಂತ ಆರೋಪ ಹೊರಿಸಿ 1977ರಲ್ಲಿ ಅವರನ್ನು ಹಿಡಿದು ಸೈಬೀರಿಯಾ ಕಡೆಗೆ ಗಡಿಪಾರು ಮಾಡಿದರು. ಹೀಗೆ ಮನೆಮನೆಯಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಮಿಖಾಯಿಲ್ ಚ್ಲೆನೊವ್ ಎಂಬ ಜನಾಂಗ ಅಧ್ಯಯನಕಾರರೂ ಒಬ್ಬರು. ಈ ಹೆಸರು ನೆನಪಿರಲಿ. ಮುಂದೆ ಮತ್ತೆ ಬರುತ್ತದೆ.

1989ರಲ್ಲಿ ಕಟ್ಟು ಸಡಿಲವಾಯಿತು. ಮಾಸ್ಕೋದಲ್ಲಿ ಮಿಖೊಯೆಲ್ಸ್ ಹೆಸರಿನ ಸಾಂಸ್ಕೃತಿಕ ಕೇಂದ್ರ ತೆರೆಯಿತು. ವರ್ಷದ ಕೊನೆಗೆ ದೇಶದ ಯಹೂದಿ ಸಂಘಗಳೆಲ್ಲ ಸೇರಿ ‘ವಾಅದ್’ ಎಂಬ ಒಕ್ಕೂಟ ಮಾಡಿಕೊಂಡವು. ಅದರ ಮುಂದಾಳುಗಳಲ್ಲಿ ಚ್ಲೆನೊವ್ ಇದ್ದರು. ಆದರೆ ಬಾಗಿಲು ತೆರೆದ ಕೂಡಲೇ ಜನ ಹೊರಟರು. ಆ ವರ್ಷದ ಜನಗಣತಿಯಲ್ಲಿ ಸೋವಿಯತ್ ಒಕ್ಕೂಟದಲ್ಲಿ ಸುಮಾರು 14.5 ಲಕ್ಷ ಯಹೂದಿಗಳಿದ್ದರು. ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ, ಯಹೂದಿಗಳು ಮತ್ತು ಅವರ ಮನೆಮಂದಿ, ಇಸ್ರೇಲ್ ಸೇರಿದರು. 2 ಲಕ್ಷಕ್ಕೂ ಹೆಚ್ಚು ಜನ ಜರ್ಮನಿಗೆ ಹೋದರು. ಅಮೆರಿಕಕ್ಕೆ ಹೋದವರೂ ಲಕ್ಷಗಟ್ಟಲೆ. ಹೋದವರ ಜೊತೆ ಅವರ ರಷ್ಯನ್ ಕೂಡ ಹೋಯಿತು.

ಬ್ರಿಟನ್ನಿನಿಂದ ಬಂದ ಕ್ರಮ

ಈಗ ಬೇರೆ ಕಡೆ ಹೋಗೋಣ. 1980ರ ವರ್ಷಾಂತ್ಯದ ರಜೆಯಲ್ಲಿ ಬ್ರಿಟನ್ನಿನ ಕೆಲವು ಯಹೂದಿ ಶಿಕ್ಷಕರು ಒಂದೆಡೆ ಸೇರಿದರು. ನೂರು ಜನವೂ ಇರಲಿಲ್ಲ. ಅಮೆರಿಕದಲ್ಲಿ ಯಹೂದಿ ಶಿಕ್ಷಕರ ಇಂಥದ್ದೇ ಒಂದು ಸಮ್ಮೇಳನ ನೋಡಿ ಬಂದವರು ಇದನ್ನು ಹುಟ್ಟುಹಾಕಿದರು. ಕ್ಲೈವ್ ಲಾಟನ್ ಆ ಸ್ಥಾಪಕರಲ್ಲಿ ಒಬ್ಬರು. ಹೆಸರು ‘ಲಿಮ್ಮುಡ್’. ಹೀಬ್ರೂವಿನಲ್ಲಿ ಕಲಿಕೆ ಅಂತ ಅರ್ಥ. ಆ ಭಾಷೆಯಲ್ಲಿ ಕಲಿಯುವುದಕ್ಕೂ ಕಲಿಸುವುದಕ್ಕೂ ಬೇರು ಒಂದೇ. ಯಹೂದಿ ಧರ್ಮಶಾಸ್ತ್ರದ ದೊಡ್ಡ ಗ್ರಂಥ ತಾಲ್ಮುಡ್‌ನ ಹೆಸರೂ ಅದೇ ಬೇರಿನದು. ನಮ್ಮಲ್ಲೂ ಹಾಗೇ ಅಲ್ವಾ? ‘ಕಲಿ’ಗೆ ಒಂದಕ್ಷರ ಸೇರಿದರೆ ‘ಕಲಿಸು’.

ಲಿಮ್ಮುಡ್‌ನ ಕಟ್ಟಳೆಗಳು ಕೆಲವೇ. ಯಾರು ಬೇಕಾದರೂ ಪಾಠ ಹೇಳಬಹುದು. ಪಾಠ ಹೇಳಿದವರಿಗೆ ಸಂಭಾವನೆ ಇಲ್ಲ. ಒಂದು ಗಂಟೆ ಮೇಷ್ಟ್ರಾದವರು ಮುಂದಿನ ಗಂಟೆ ಬೇರೆ ಕೋಣೆಯಲ್ಲಿ ವಿದ್ಯಾರ್ಥಿ. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಹೆಸರು ಮಾತ್ರ. ಡಾಕ್ಟರ್, ಪ್ರೊಫೆಸರ್, ರಬ್ಬಿ (ಯಹೂದಿ ಧರ್ಮಗುರು) ಅಂತೇನೂ ಇಲ್ಲ. ಕೂಟವನ್ನು ನಡೆಸುವವರು ಸ್ವಯಂಸೇವಕರು. ಒಂದೇ ಹೊತ್ತಿಗೆ ಹತ್ತಾರು ಗೋಷ್ಠಿ. ಹಿಡಿಸದಿದ್ದರೆ ಎದ್ದು ಇನ್ನೊಂದಕ್ಕೆ ಹೋಗಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬರಬರುತ್ತಾ ಅಲ್ಲಿಗೆ ಬರುವವರ ಸಂಖ್ಯೆ ಎರಡು ಸಾವಿರ ದಾಟಿತು.

ಸಂಪ್ರದಾಯಸ್ಥ ರಬ್ಬಿಗಳು ಅನೇಕರು ಅದರಿಂದ ಬಹಳ ಕಾಲ ದೂರ ಉಳಿದರು. ಬೇರೆ ಪಂಥದ ರಬ್ಬಿಗಳ ಜೊತೆ ಒಂದೇ ಸಾಲಿನಲ್ಲಿ ಕೂರುವುದು ಅವರಿಗೆ ಒಪ್ಪಿಗೆ ಇರಲಿಲ್ಲ. ಬ್ರಿಟನ್ನಿನ ಮುಖ್ಯ ರಬ್ಬಿಯೊಬ್ಬರು ಹುದ್ದೆಯಲ್ಲಿರುವಾಗಲೇ ಅಲ್ಲಿಗೆ ಬಂದದ್ದು 2013ರಲ್ಲಿ. ಎಫ್ರಾಯಿಮ್ ಮಿರ್ವಿಸ್ ಹಾಗೆ ಬಂದವರಲ್ಲಿ ಮೊದಲಿಗರು.

2006ರಲ್ಲಿ ಈ ಕ್ರಮವನ್ನು ಹಳೆಯ ಸೋವಿಯತ್ ನಾಡಿನವರಿಗಾಗಿ ತಂದವರು ಮೂವರು. ಇಸ್ರೇಲಿನ ಹಾಯಿಮ್ ಚೆಸ್ಲರ್, ನ್ಯೂಯಾರ್ಕಿನ ಸಾಂಡ್ರಾ ಕಾನ್, ಜೊತೆಗೆ ನಾವಾಗಲೇ ನೋಡಿದ ಮಿಖಾಯಿಲ್ ಚ್ಲೆನೊವ್. ಚೆಸ್ಲರ್ ಅವರು ಯಹೂದಿ ಏಜೆನ್ಸಿಯ ಪರವಾಗಿ, ಅಂದರೆ ಇಸ್ರೇಲಿಗೆ ಬಂದು ನೆಲೆಸುವ ಯಹೂದಿಗಳಿಗೆ ನೆರವಾಗುವ ಸಂಸ್ಥೆಯ ಪರವಾಗಿ, ಆ ಪ್ರದೇಶದಲ್ಲಿ ಕೆಲಸ ಮಾಡಿದ್ದವರು. ಸಂಸ್ಥೆಯ ಹೆಸರು ‘ಲಿಮ್ಮುಡ್ ಎಫ್‌ಎಸ್‌ಯು’. ಕೊನೆಯ ಮೂರು ಅಕ್ಷರದ ಅರ್ಥ ‘ಹಿಂದಿನ ಸೋವಿಯತ್ ಒಕ್ಕೂಟ’. ಗುಟ್ಟಾಗಿ ನಾಲ್ಕು ಗೋಡೆಯ ಮಧ್ಯೆ ಪಾಠ ಹೇಳುತ್ತಿದ್ದ ಮನುಷ್ಯ ಈಗ ನೂರಾರು ಜನ ಬಹಿರಂಗವಾಗಿ ಸೇರುವ ಕೂಟದ ಸ್ಥಾಪಕರಲ್ಲೊಬ್ಬರು. ಇಡೀ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾಗುವ ಎಳೆ ಇದು.

ಮೂರು ದಿನದಲ್ಲಿ ಏನಾಗುತ್ತದೆ

ನಮ್ಮ ಖಾರ್ಕಿವ್ ಹುಡುಗ ಬೆಳೆದು ಉಕ್ರೇನಿಯನ್ ಹೆಣ್ಣನ್ನು ಮದುವೆಯಾದ. 1985ರಲ್ಲಿ ಮಗಳು ಹುಟ್ಟಿದಳು. ಅವಳು ದೊಡ್ಡವಳಾಗುವ ಹೊತ್ತಿಗೆ ಪಾಸ್‌ಪೋರ್ಟಿನಲ್ಲಿ ಆ ಸಾಲೇ ಇಲ್ಲ. ಅಪ್ಪನ ಕಡೆಯವರು ಯಹೂದಿಗಳು ಅಂತ ಮಾತ್ರ ಗೊತ್ತು. ಇಪ್ಪತ್ತಮೂರನೇ ವಯಸ್ಸಿನಲ್ಲಿ ಗೆಳತಿಯೊಬ್ಬಳು ಕರೆಯುತ್ತಾಳೆ: ‘ಬಾ, ಮೂರು ದಿನ, ಹೋಟೆಲು, ಹಾಡು ಇರುತ್ತದೆ, ಏನೇನೋ ಉಪನ್ಯಾಸ ಇರುತ್ತದೆ.’ ಇವಳು ಹೋಗುತ್ತಾಳೆ.

ಇಂಥ ಕೂಟ ಸಾಮಾನ್ಯವಾಗಿ ವಾರಾಂತ್ಯಕ್ಕೆ ಹೊಂದಿಕೊಂಡು ನಡೆಯುತ್ತದೆ. ಜಾಗ ಊರಿಂದ ಸ್ವಲ್ಪ ದೂರದ ಹೋಟೆಲೋ ಹಳೆಯ ಆರೋಗ್ಯಧಾಮವೋ ಆಗಿರುತ್ತದೆ. ಬೆಳಗ್ಗೆಯಿಂದ ನಡುರಾತ್ರಿವರೆಗೆ ಕಾರ್ಯಕ್ರಮ. ಒಂದು ಕೋಣೆಯಲ್ಲಿ ತಾಲ್ಮುಡ್ಡಿನ ಒಂದೇ ಪುಟ ಹಿಡಿದು ಕೂತಿರುತ್ತಾರೆ. ಪಕ್ಕದಲ್ಲಿ ಫೋರ್ಷ್ಮಾಕ್ ಮಾಡುವುದು ಹೇಗೆ ಅಂತ ತೋರಿಸುತ್ತಿರುತ್ತಾರೆ. ಉಪ್ಪು ಹಾಕಿದ ಹೆರಿಂಗ್ ಮೀನನ್ನು ಸಣ್ಣಗೆ ಕೊಚ್ಚಿ, ಈರುಳ್ಳಿ, ಸೇಬು, ಮೊಟ್ಟೆ ಬೆರೆಸಿ ಮಾಡುವ ತಿನಿಸು ಅದು. ಆಚೆ ಕೋಣೆಯಲ್ಲಿ ವಂಶವೃಕ್ಷ ಹುಡುಕುವ ಬಗೆ. ಅದರಾಚೆ ಇಸ್ರೇಲಿನ ರಾಜಕೀಯ. ಮಕ್ಕಳಿಗೆ ಬೇರೆಯೇ ಶಿಬಿರ.

ಅವಳು ಮೊದಲು ಹೋಗುವುದು ಅಡುಗೆ ಕೋಣೆಗೆ. ಅಲ್ಲಿ ಕಂಡ ತಿನಿಸು ಅವಳಿಗೆ ಗೊತ್ತು. ಮುತ್ತಜ್ಜಿ ಹಬ್ಬಕ್ಕೆ ಮಾಡುತ್ತಿದ್ದಳು ಅಂತ ಅಪ್ಪ ಹೇಳಿ ಮಾಡಿಕೊಡುತ್ತಿದ್ದ. ಅದು ಯಹೂದಿ ತಿನಿಸು ಅಂತ ಯಾರೂ ಹೇಳಿರಲಿಲ್ಲ, ಸುಮ್ನೆ ಮನೆಯ ತಿನಿಸು. ತನಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದವಳಿಗೆ ಏನೋ ಒಂದು ಗೊತ್ತಿದೆ ಅಂತ ಗೊತ್ತಾಗುತ್ತದೆ. ಶುಕ್ರವಾರ ಹೊತ್ತು ಮುಳುಗುವ ಮುಂಚೆ, ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತ್ ಬರಮಾಡಿಕೊಳ್ಳಲು, ಹೆಂಗಸರು ಮೇಣದಬತ್ತಿ ಹಚ್ಚುತ್ತಾರೆ. ಮಂತ್ರವನ್ನು ರಷ್ಯನ್ ಅಕ್ಷರದಲ್ಲಿ ಬರೆದ ಚೀಟಿ ಕೈಗೆ ಕೊಡುತ್ತಾರೆ. ಪಕ್ಕದವಳಿಗೂ ಬಾಯಿಗೆ ಬರುವುದಿಲ್ಲ, ಅವಳೂ ಚೀಟಿ ನೋಡಿಯೇ ಓದುತ್ತಾಳೆ.

ಈ ಕ್ರಮ ಅಲ್ಲಿ ಯಾಕೆ ಹಿಡಿಯಿತು ಅನ್ನುವುದಕ್ಕೆ ಆ ಚೀಟಿಯಲ್ಲೇ ಉತ್ತರವಿದೆ ಅಂತ ನನಗೆ ಅನ್ನಿಸುತ್ತದೆ. ಇವರು ಓದದ ಜನರಲ್ಲ. ಡಾಕ್ಟರು, ಎಂಜಿನಿಯರು, ಪಿಯಾನೋ ಶಿಕ್ಷಕಿ, ಪ್ರೋಗ್ರಾಮರ್. ನಲವತ್ತರ ವಯಸ್ಸಿನ ಭೌತಶಾಸ್ತ್ರಜ್ಞ ಸಿನಗಾಗಿನ ಬಾಗಿಲಲ್ಲಿ ನಿಂತು ‘ಟೋಪಿ ಯಾವಾಗ ಹಾಕಬೇಕು, ಯಾವಾಗ ಎದ್ದು ನಿಲ್ಲಬೇಕು’ ಅಂತ ಗೊತ್ತಾಗದೆ ವಾಪಸ್ ಹೋಗಿಬಿಡುತ್ತಾನೆ. 1990ರ ದಶಕದಲ್ಲಿ ಪುಸ್ತಕ, ಶಾಲೆ, ಸಂಸ್ಥೆ ಎಲ್ಲ ಬಂದವು. ಮಾಸ್ಕೋದಲ್ಲಿ ಯಹೂದಿ ಅಧ್ಯಯನಕ್ಕೆಂದೇ 1994ರಲ್ಲಿ ‘ಸೆಫೆರ್’ ಕೇಂದ್ರ ಶುರುವಾಯಿತು. ಅದರಿಂದ ವಿದ್ವಾಂಸರು ಬೆಳೆದರು. ಆದರೆ ನಾಚಿಕೆಯಿಂದ ಬಾಗಿಲಲ್ಲೇ ನಿಂತವನನ್ನು ಒಳಗೆ ಕರೆಯಲು ಬೇರೆ ದಾರಿ ಬೇಕಿತ್ತು. ಬಿರುದಿಲ್ಲದ ಬ್ಯಾಡ್ಜ್, ಎದ್ದು ಹೋಗುವ ಸ್ವಾತಂತ್ರ್ಯ, ಎಲ್ಲರ ಕೈಯಲ್ಲೂ ಅದೇ ಚೀಟಿ. ನಾಚಿಕೆಯನ್ನು ಇಳಿಸಿದ್ದು ಇವೇ. ಬ್ರಿಟನ್ನಿನವರು ಸಮಾನತೆಗೆ ಅಂತ ಮಾಡಿಕೊಂಡ ಕಟ್ಟಳೆ ಇಲ್ಲಿ ಇನ್ನೊಂದು ಕೆಲಸ ಮಾಡಿತು.

ಊರನ್ನು ಆರಿಸಿಕೊಳ್ಳುವುದರಲ್ಲೂ ಒಂದು ವಿಚಾರ ಕಾಣುತ್ತದೆ. ಯಾಲ್ಟಾ, ಒಡೆಸ್ಸಾ, ಲ್ವೀವ್, ಕಿಶಿನೆವ್, ವಿಟೆಬ್ಸ್ಕ್ – ಕೂಟಗಳು ನಡೆದ ಈ ಊರುಗಳಿಗೆಲ್ಲ ಯಹೂದಿ ಕತೆಯಿದೆ. ವಿಟೆಬ್ಸ್ಕ್ ಅಂದರೆ ಚಿತ್ರಕಾರ ಮಾರ್ಕ್ ಶಗಾಲ್ ಬೆಳೆದ ಊರು. ಕಿಶಿನೆವ್ ಅಂದರೆ 1903ರಲ್ಲಿ ಗುಂಪು ಕಟ್ಟಿಕೊಂಡು ಬಂದವರು 49 ಯಹೂದಿಗಳನ್ನು ಕೊಂದ ಊರು. ಬೆಳಗ್ಗೆ ಗೋಷ್ಠಿಯಲ್ಲಿ ಕೇಳಿದ ಬೀದಿಯಲ್ಲಿ ಸಂಜೆ ಓಡಾಡಬಹುದು. ಇಂಥ ಪಾಠ ಮರೆಯುವುದು ಕಷ್ಟ.

ತೊಡಕುಗಳು

ಮೊದಲ ತೊಡಕು ‘ಸ್ವಯಂಸೇವೆ’ ಎಂಬ ಮಾತಿನದೇ. ಸೋವಿಯತ್ ಕಾಲದಲ್ಲಿ ‘ಸುಬ್ಬೋತ್ನಿಕ್’ ಅಂತ ಇತ್ತು. ಶನಿವಾರ ಬಂದು ಸಂಬಳವಿಲ್ಲದೆ ಬೀದಿ ಗುಡಿಸಬೇಕು, ಮರ ನೆಡಬೇಕು. ಹೆಸರಿಗೆ ಸ್ವಂತ ಇಷ್ಟ, ನಿಜಕ್ಕೆ ಕಡ್ಡಾಯ. ‘ಸುಬ್ಬೋತಾ’ ಅಂದರೆ ರಷ್ಯನ್ನಿನಲ್ಲಿ ಶನಿವಾರ. ಆ ಪದ ಬಂದದ್ದೇ ‘ಶಬ್ಬಾತ್’ನಿಂದ. ಕೆಲಸ ಮಾಡಬಾರದ ದಿನದ ಹೆಸರಿನಲ್ಲೇ ಬಿಟ್ಟಿ ಕೆಲಸ ಮಾಡಿಸಿದ್ದರು. ಅಂಥದ್ದನ್ನು ಕಂಡ ತಲೆಮಾರಿಗೆ ‘ಬನ್ನಿ, ಸ್ವಯಂಸೇವೆ ಮಾಡಿ’ ಅಂದರೆ ಅನುಮಾನ ಬಾರದಿರುತ್ತದೆಯೇ? ಬದಲಾವಣೆ ತಂದದ್ದು 1985ರ ಈಚೆಗೆ ಹುಟ್ಟಿದ ಮಕ್ಕಳು. ಅವರಿಗೆ ಆ ಹಳೆಯ ನೆನಪು ಇರಲಿಲ್ಲ. ಗೋಷ್ಠಿ ಆರಿಸುವುದು, ಬಂದವರಿಗೆ ಕೋಣೆ ಹಂಚುವುದು, ಮೈಕ್ ಹಿಡಿದು ಓಡಾಡುವುದು, ಎಲ್ಲ ಆಯಾ ಊರಿನ ಹುಡುಗ ಹುಡುಗಿಯರ ತಂಡದ ಪಾಲಿಗೆ ಬಂತು.

ಎರಡನೆಯದು ಹಣ. ಬ್ರಿಟನ್ನಿನಲ್ಲಿ ಬರುವವರು ಕೈಯಿಂದ ಕೊಟ್ಟು ಬರುತ್ತಾರೆ. ಇಲ್ಲಿ ಅದು ಆಗುವ ಮಾತಾಗಿರಲಿಲ್ಲ. ದಾನಿಗಳು, ಅಂತರರಾಷ್ಟ್ರೀಯ ಯಹೂದಿ ಸಂಸ್ಥೆಗಳು ನೆರವಾದವು. ಮ್ಯಾಥ್ಯೂ ಬ್ರಾನ್ಫ್‌ಮನ್ ಅದರ ಅಂತರರಾಷ್ಟ್ರೀಯ ಸಮಿತಿಯ ಅಧ್ಯಕ್ಷರಾದರು. ಅವರ ಕುಟುಂಬವೂ 1889ರಲ್ಲಿ ಬೆಸ್ಸರಾಬಿಯಾ ಬಿಟ್ಟು ಕೆನಡಾಗೆ ಹೋದದ್ದು. ಬೆಸ್ಸರಾಬಿಯಾದ ಬಹುಭಾಗ ಇವತ್ತಿನ ಮೊಲ್ಡೋವಾ. ದಾನಿಗಳು ಬಂದರೆ ವೇದಿಕೆ ಬರುತ್ತದೆ, ಮಂತ್ರಿ, ರಾಯಭಾರಿ ಬರುತ್ತಾರೆ. ಬ್ಯಾಡ್ಜಿನ ಮೇಲೆ ಬಿರುದಿಲ್ಲದಿದ್ದರೂ ಮೈಕಿನಲ್ಲಿ ಬಿರುದು ಕೇಳುತ್ತದೆ. ಉದ್ಘಾಟನೆಯ ರಾತ್ರಿಗಳು ಮೂಲ ಕಟ್ಟಳೆಗೆ ಅಷ್ಟಾಗಿ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇಡೀ ಕೂಟದ ಜೀವ ಇರುವುದು ಹದಿನೈದು ಜನ ಕೂತಿರುವ ಆ ಸಣ್ಣ ಕೋಣೆಗಳಲ್ಲಿ.

ಮೂರನೆಯದು ಎಲ್ಲಕ್ಕಿಂತ ನೋವಿನದು. ನಮ್ಮ ಹುಡುಗಿ ಯಹೂದಿಯೋ ಅಲ್ಲವೋ? ಧರ್ಮಶಾಸ್ತ್ರದ ಪ್ರಕಾರ ತಾಯಿ ಯಹೂದಿಯಾದರೆ ಮಗು ಯಹೂದಿ. ಇವಳ ತಾಯಿ ಅಲ್ಲ. ಇಸ್ರೇಲಿನ ‘ಮರಳುವ ಹಕ್ಕಿನ ಕಾಯ್ದೆ’ಗೆ 1970ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಅಲ್ಲಿಗೆ ಹೋಗಿ ನೆಲೆಸಬಹುದು. ಸರ್ಕಾರ ಪೌರತ್ವ ಕೊಡುತ್ತದೆ, ಆದರೆ ಅಲ್ಲಿನ ರಬ್ಬಿಗಳು ಅವಳಿಗೆ ಮದುವೆ ಮಾಡಿಸುವುದಿಲ್ಲ. ಇಸ್ರೇಲಿನಲ್ಲಿ ಹೀಗೆ ಸಿಕ್ಕಿಕೊಂಡವರು 3 ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಹಳೆಯ ಸೋವಿಯತ್ ನಾಡಿನಿಂದ ಬಂದವರು. ಅವಳ ಅಪ್ಪನಿಗೆ ಖಾರ್ಕಿವ್‌ನಲ್ಲಿ ‘ನೀನು ಯಹೂದಿ’ ಅಂತ ಸೀಟು ತಪ್ಪಿತ್ತು. ಅವಳಿಗೆ ಜೆರುಸಲೇಮಿನಲ್ಲಿ ‘ನೀನು ಯಹೂದಿ ಅಲ್ಲ’ ಅಂತ ಮದುವೆ ತಪ್ಪುತ್ತದೆ. ಬೀದಿಯಲ್ಲಿ ಅವಳನ್ನು ಕರೆಯುವುದು ‘ರಷ್ಯನ್’ ಅಂತ.

ಲಿಮ್ಮುಡ್ ಈ ಪ್ರಶ್ನೆಯನ್ನು ಬಿಡಿಸಲಿಲ್ಲ. ಬಿಡಿಸುವ ಅಧಿಕಾರವೂ ಅದಕ್ಕಿಲ್ಲ. ನಿನ್ನ ತಾಯಿ ಯಾರು ಅಂತ ಕೇಳದೆ ಪುಟ ತೆರೆದು ಕೂರಿಸುತ್ತದೆ, ಅಷ್ಟೆ. ಅದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಇಂಥ ಕೂಟಗಳು ಇಸ್ರೇಲ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲೂ ಶುರುವಾದವು. ಹೀಬ್ರೂವೋ ಇಂಗ್ಲಿಷೋ ಚೆನ್ನಾಗಿ ಬಂದರೂ ರಷ್ಯನ್ನಿನಲ್ಲಿ ಕಲಿಯಲು ಜನ ಬಂದರು. ಯಿಡ್ಡಿಷನ್ನು ಕಸಿದುಕೊಂಡ ರಾಜ್ಯದ ಭಾಷೆ ಅದು. ಆದರೂ ತಮಾಷೆ, ಜೋಗುಳ, ಮನೆಯ ಜಗಳ, ಎಲ್ಲವೂ ಅದರಲ್ಲೇ ಆದದ್ದು. ಕೇಳಲು ನಾಚಿಕೆಯಾಗುವ ಪ್ರಶ್ನೆಯನ್ನು ಮನುಷ್ಯ ಇಂಥ ಭಾಷೆಯಲ್ಲಿ ಮಾತ್ರ ಕೇಳಬಲ್ಲ.

2022ರ ಮೇಲೆ

ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಬಂತು. ಖಾರ್ಕಿವ್ ಗಡಿಗೆ ಹತ್ತಿರದ ಊರು. ಮೊದಲ ದಿನದಿಂದಲೇ ಶೆಲ್ ಬೀಳತೊಡಗಿತು. ಮಾರ್ಚ್‌ನಲ್ಲಿ ದ್ರೊಬಿಟ್ಸ್ಕಿ ಯಾರ್‌ನ ಸ್ಮಾರಕದಲ್ಲಿದ್ದ ದೊಡ್ಡ ಮೆನೋರಾ ದೀಪಸ್ತಂಭಕ್ಕೆ ಪೆಟ್ಟು ಬಿದ್ದು ಅದರ ಕೊಂಬೆಗಳು ಮುರಿದವು. ಮಾಸ್ಕೋದ ಮುಖ್ಯ ರಬ್ಬಿ ಪಿಂಖಾಸ್ ಗೋಲ್ಡ್‌ಷ್ಮಿಡ್ಟ್ ಅದೇ ತಿಂಗಳು ರಷ್ಯಾ ಬಿಟ್ಟರು. ಜುಲೈಯಲ್ಲಿ ರಷ್ಯಾದ ನ್ಯಾಯ ಇಲಾಖೆ ಯಹೂದಿ ಏಜೆನ್ಸಿಯನ್ನು ಮುಚ್ಚಿಸಲು ಕೋರ್ಟಿಗೆ ಹೋಯಿತು. ರಷ್ಯನ್ ಮಾತಾಡುವ ಯಹೂದಿಗಳ ಕಲಿಕೆಗೆ ಹಣ ಕೊಡುತ್ತಿದ್ದ ಜೆನೆಸಿಸ್ ಫಿಲಾಂತ್ರಪಿ ಗ್ರೂಪ್‌ನಿಂದ ಅದರ ಸ್ಥಾಪಕರಾದ ರಷ್ಯನ್ ಉದ್ಯಮಿಗಳಲ್ಲಿ ಕೆಲವರು ಆರ್ಥಿಕ ನಿರ್ಬಂಧಕ್ಕೆ ಒಳಗಾಗಿ ಹಿಂದೆ ಸರಿದರು. ಆ ವರ್ಷ 70,000ಕ್ಕೂ ಹೆಚ್ಚು ಜನ ಇಸ್ರೇಲಿಗೆ ಬಂದು ನೆಲೆಸಿದರು. ಅವರಲ್ಲಿ ಬಹುಪಾಲು ರಷ್ಯಾ ಮತ್ತು ಉಕ್ರೇನಿನವರು.

ಇದುವರೆಗೆ ಒಂದೇ ಕೋಣೆಯಲ್ಲಿ ಕೂತು ಒಂದೇ ಪುಟ ಓದಿದ್ದ ಕೀವ್‌ನವರು, ಮಾಸ್ಕೋದವರು ಈಗ ಎದುರುಬದುರು. ಅವರನ್ನು ಸೇರಿಸಿದ್ದ ರಷ್ಯನ್ನೇ ಈಗ ಹಲವರಿಗೆ ಬಾಯಲ್ಲಿ ಕಹಿ. ಉಕ್ರೇನಿನ ಅಧ್ಯಕ್ಷ ವೊಲೊದಿಮಿರ್ ಝೆಲೆನ್ಸ್ಕಿಯೂ ರಷ್ಯನ್ ಮಾತಾಡುವ ಯಹೂದಿ ಮನೆಯಲ್ಲೇ ಬೆಳೆದವರು. ಯುದ್ಧದ ಮೇಲೆ ಅಲ್ಲಿನ ಅನೇಕ ಯಹೂದಿಗಳು ಬೇಕೆಂದೇ ಉಕ್ರೇನಿಯನ್ನಿಗೆ ಹೊರಳಿದರು. ಪಾಸೋವರ್ ಹಬ್ಬದ ರಾತ್ರಿ ಓದುವ ಹಗ್ಗಾದಾವನ್ನು ಉಕ್ರೇನಿಯನ್ನಿನಲ್ಲಿ ತರುವ ಕೆಲಸ ನಡೆಯಿತು. ಆ ಭಾಷೆಯಲ್ಲಿ ಕೆಲವು ಯಹೂದಿ ಮಾತುಗಳಿಗೆ ಪದವೇ ಗಟ್ಟಿಯಾಗಿ ನೆಲೆಯೂರಿಲ್ಲ. ಕೂತು ಹೊಸದಾಗಿ ಕಟ್ಟಿಕೊಳ್ಳಬೇಕು.

‘ಎಫ್‌ಎಸ್‌ಯು’ ಎಂಬ ಹೆಸರಿಗೂ ಈಗ ಬೇರೆ ಭಾರ ಬಂದಿದೆ. 2000ರಲ್ಲಿ ಹುಟ್ಟಿದ ಉಕ್ರೇನಿನ ಹುಡುಗಿಯನ್ನು ತಾನು ಕಾಣದ, ತನ್ನ ದೇಶ ಬಿಟ್ಟುಬಂದ ಒಕ್ಕೂಟದ ಹೆಸರಿನಿಂದ ಯಾಕೆ ಕರೆಯಬೇಕು? ನನ್ನನ್ನು ಕೇಳಿದರೆ ಆ ಮೂರು ಅಕ್ಷರವನ್ನು ಬಿಡುವ ಹೊತ್ತು ಬಂದಿದೆ. ಬಿರುದಿಲ್ಲದ ಬ್ಯಾಡ್ಜನ್ನು, ಅಕ್ಷರ ಬದಲಿಸಿ ಬರೆದ ಆ ಮಂತ್ರದ ಚೀಟಿಯನ್ನು ಮಾತ್ರ ಇಟ್ಟುಕೊಳ್ಳಬೇಕು. ಚೀಟಿಯ ಒಂದು ಬದಿಯಲ್ಲಿ ರಷ್ಯನ್ ಇರಲಿ, ಇನ್ನೊಂದು ಬದಿಯಲ್ಲಿ ಉಕ್ರೇನಿಯನ್ ಇರಲಿ. ದೀಪ ಹಚ್ಚುವವಳು ತನಗೆ ಬೇಕಾದ ಬದಿ ತಿರುಗಿಸಿಕೊಂಡು ಓದಲಿ.